ಅಕ್ಕನ ಮುಂದೆ ಇಟ್ಟ ಸರ್ಟಿಫಿಕೇಟ್

‘ಈ ಮನ್ಯಾಗ ಡಿಗ್ರಿ ಮುಗಿಸೋರು ಯಾರೂ ಹುಟ್ಟಿಲ್ಲ’ ಎಂದು ದೊಡ್ಡಪ್ಪ ನಕ್ಕಿದ್ದರು. ನಾನು ಮುಗಿಸಿದೆ. ಅದಕ್ಕಾಗಿ ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದಳು. ನಾನು ಪಾಸಾಗುವ ಮೊದಲೇ ತೀರಿಕೊಂಡಳು.

ಈಗ ನಾನಿರುವುದು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ. ಮೊನ್ನೆ ಪಕ್ಕದ ಮನೆಯ ಮೆಕ್ಸಿಕೋದ ಆಂಟಿ ತಮ್ಮ ಸತ್ತವರ ಹಬ್ಬಕ್ಕೆ ಕರೆದರು. ಚೆಂಡುಹೂವಿನ ನಡುವೆ, ತಮ್ಮ ಹಿರಿಯರ ಫೋಟೊಗಳ ಜೊತೆ ನಾನು ಒಯ್ದಿದ್ದ ಅಕ್ಕನ ಫೋಟೊವನ್ನೂ ಇಟ್ಟರು. ‘ಅವಳಿಗೆ ಇಷ್ಟವಾದ ತಿನಿಸು ಇಡು, ಇವತ್ತು ಬರುತ್ತಾಳೆ’ ಎಂದರು.

ಅಕ್ಕನಿಗೆ ಏನು ಇಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಹೋಗಿ ಡಿಗ್ರಿ ಸರ್ಟಿಫಿಕೇಟ್ ತಂದು ಅವಳ ಮುಂದೆ ಇಟ್ಟೆ. ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ.

‘ಕಾಗದ ಉಣ್ತಾಳೇನೋ ತಮ್ಮಾ?’ ಎಂದಳು ಅವ್ವ. ‘ಅಕಿ ನೀ ಗಂಗಾಳದಾಗ ಬಿಟ್ಟದ್ದನ್ನ ಉಣ್ತಿದ್ಲು. ಅದನ್ನ ಇಡು.’