ಐಸಿನಲ್ಲೊಂದು, ಕಂಬಳಿಯಲ್ಲೊಂದು

ಎಂಬತ್ತರ ದಶಕದ ಆ ಮಾಗಿ ಈಗಲೂ ನನಗೆ ಅರೆನಿದ್ದೆಯಲ್ಲಿ ಕಂಡ ಹಾಗೆಯೇ ನೆನಪಾಗುತ್ತದೆ. ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆ, ಹಿತ್ತಿಲ ಬಾಗಿಲ ಬಳಿ ಒಂದು ಬಕೆಟ್ ಐಸು, ಅದರಲ್ಲಿ ಬಾಯಿ ಮುಚ್ಚಿದ ಎರಡು ಗಾಜಿನ ಕೊಳವೆ. ನನ್ನ ಪಿಎಚ್.ಡಿ. ಎಂದರೆ ಅಷ್ಟೇ. ರಜೆಗೆ ಕಾಲೇಜಿನ ಲ್ಯಾಬಿಗೆ ಬೀಗ ಬಿದ್ದಿತ್ತು. ಇದ್ದಬದ್ದ ಕೆಮಿಕಲ್ಲೆಲ್ಲ ಆ ಕೊಳವೆಗಳಲ್ಲಿತ್ತು. ಈ ಸಲವೂ ಕೈಕೊಟ್ಟರೆ ಸಂಶೋಧನೆ ಬಿಟ್ಟುಬಿಡಿ ಎಂದು ಗೈಡ್ ಹೇಳಿಯಾಗಿತ್ತು.

ಕುಣಿಗಲ್ಲಿನಿಂದ ಬಂದಿದ್ದ ಅತ್ತೆ "ಇದೇನಮ್ಮ?" ಎಂದರು. ಹಿಟ್ಟಿನಲ್ಲಿ ಬೆರಳೊತ್ತಿ ತೆಗೆದರೆ ಗುಳಿ ಉಳಿಯುತ್ತದಲ್ಲ, ಹಾಗೆ ಒಂದು ಅಣುವಿನ ಸುತ್ತ ಪ್ಲಾಸ್ಟಿಕ್ ಗಟ್ಟಿಯಾಗಬೇಕು, ಆಮೇಲೆ ಅಣುವನ್ನು ತೊಳೆದು ತೆಗೆಯಬೇಕು. ಉಳಿದ ಗುಳಿ ಅದೇ ಆಕಾರದ ಅಣುಗಳನ್ನು ಹಿಡಿದು ಅವುಗಳ ರಾಸಾಯನಿಕ ಕ್ರಿಯೆಗೆ ವೇಗ ಕೊಡುತ್ತದೆ ಎಂದೆ. ಅವರ ಮುಖ ನೋಡಿ, "ಮೊಸರಿನ ಥರ ಹೆಪ್ಪಾಗ್ಬೇಕು ಅತ್ತೆ, ಅಷ್ಟೇ" ಎಂದು ಸೇರಿಸಿದೆ. ಹೇಳಬಾರದಿತ್ತು.

ಮಾರನೆಯ ದಿನ ಗುಬ್ಬಿಗೆ, ತವರಿಗೆ ಹೋಗಿ ಸಂಜೆ ಮರಳಿದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಅಣುಗಳು ತಣ್ಣಗೆ, ಒಂದರ ಕೈ ಒಂದು ಹಿಡಿದು ನಿಲ್ಲುತ್ತಿದ್ದವು. ಮನೆಗೆ ಬಂದರೆ ಬಕೆಟ್ಟಿನಲ್ಲಿ ಒಂದೇ ಕೊಳವೆ! ಇನ್ನೊಂದು ಬಚ್ಚಲ ಒಲೆಯ ಪಕ್ಕ, ಮೊಸರಿನ ಪಾತ್ರೆಯ ಜೊತೆ ಕಂಬಳಿ ಹೊದ್ದು ಬೆಚ್ಚಗೆ ಮಲಗಿತ್ತು.

"ಈ ಚಳೀಲಿ ಐಸಲ್ಲಿಟ್ರೆ ಯಾವ್ ಕಾಲಕ್ಕೆ ಹೆಪ್ಪಾಯ್ತದಮ್ಮ? ಒಂದ್ನ ನಿನ್ನಂಗೇ ಬುಟ್ಟಿದೀನಿ, ಒಂದ್ನ ನನ್ನಂಗೆ ಇಟ್ಟಿದೀನಿ. ನೋಡು, ನಂದು ಆಗ್ಲೇ ಕಲ್ಲಾಗೈತೆ."

ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ನನ್ನದು ಇನ್ನೂ ನೀರುನೀರಾಗಿತ್ತು.

ಅದೂ ನಿಧಾನವಾಗಿ ಗಟ್ಟಿಯಾಯಿತು. ರಜೆ ಮುಗಿದ ಮೇಲೆ ಎರಡನ್ನೂ ತೊಳೆದು ಪರೀಕ್ಷಿಸಿದೆ. ಐಸಿನದು ಚುರುಕಾಗಿ ಕೆಲಸ ಮಾಡಿತು, ಕಂಬಳಿಯದು ಹೆಸರಿಗೆ ಮಾತ್ರ. ಬಿಸಿಗೆ ಅಣುಗಳು ಅಲುಗಾಡುತ್ತಿರುವಾಗಲೇ ಅವುಗಳ ಸುತ್ತ ಅಚ್ಚು ಗಟ್ಟಿಯಾಗಿಬಿಟ್ಟಿತ್ತು. ಗೈಡ್ ಬೈಯುತ್ತಾರೆಂದು ಹೆದರಿದ್ದೆ. ಅವರು ಎರಡನ್ನೂ ನೋಡಿ, ಇದನ್ನೇ ಬೇರೆ ಬೇರೆ ಉಷ್ಣತೆಯಲ್ಲಿ ಮಾಡಿ ನೋಡಿ, ಕೆಮಿಕಲ್ ತರಿಸೋಣ ಎಂದರು.

ಖುಷಿಯಲ್ಲಿ ಮನೆಗೆ ಬಂದು, ಇನ್ನೂ ನಮ್ಮಲ್ಲೇ ಇದ್ದ ಅತ್ತೆಯನ್ನು ರೇಗಿಸಿದೆ: "ನಿಮ್ದು ಬೇಗ ಆಯ್ತು ಅತ್ತೆ, ಆದ್ರೆ ಗುಳಿ ಸರಿಯಾಗಿ ಮೂಡ್ಲಿಲ್ಲ."

ಅವರು ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ನನ್ನೂ ಹಂಗೇ ಕಣಮ್ಮ. ಸ್ಕೂಲ್ ಬುಡ್ಸಿ ಅವಸರದಲ್ಲಿ ಮದ್ವೆ ಮಾಡ್ಬುಟ್ರು. ಏನಾಗ್ಬೇಕಿತ್ತೋ ಅದು ಮೂಡ್ಲೇ ಇಲ್ಲ," ಎಂದರು. ಖಾಲಿ ಬಕೆಟ್ ಕೈಗೆತ್ತಿಕೊಂಡರು.

"ನಿಂದು ನಿಧಾನಕ್ಕೇ ಆಗ್ಲಿ. ಐಸ್ ನಾನ್ ನೋಡ್ಕೋತೀನಿ."