ಗೈರುಹಾಜರಿಗೆ ಸೊನ್ನೆ

ಕೊಲ್ಲಿ ನಾಡಿನ ಸೊಹಾರ್‌ನಲ್ಲಿರುವ ನಮ್ಮ ಕಟ್ಟಡದ ಕೆಳಗೆ ಹೊಸದಾಗಿ ಒಂದು ಇಸ್ತ್ರಿ ಅಂಗಡಿ ಬಂದಿದೆ. ಮೊನ್ನೆ ಸಂಜೆ ಕಂಪನಿ ಬಸ್ಸಿನಿಂದ ಇಳಿದಾಗ, ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಓಡಿದ ವಾಸನೆ ಮೂಗಿಗೆ ಬಡಿಯಿತು. ಮೆಟ್ಟಿಲು ಹತ್ತುವುದು ಬಿಟ್ಟು ಅಲ್ಲೇ ನಿಂತುಬಿಟ್ಟೆ. ಪಕ್ಕದ ಸಹಮ್ ಊರಿನ ಆ ಸಣ್ಣ ಹೊಲಿಗೆ ಅಂಗಡಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಟೇಲರ್ ಕಾಕಾ...

ಅವರು ಕರಾವಳಿಯ ಬ್ಯಾರಿ. ನಾನು ಬಾಗಲಕೋಟೆ ಕಡೆಯವನು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಶುಕ್ರವಾರ ಸಂಜೆ ಅವರ ಅಂಗಡಿಯಲ್ಲಿ ಕೂರುವುದು ನನ್ನ ರೂಢಿಯಾಗಿತ್ತು. ಪ್ಯಾಂಟ್ ಹೊಲಿಸುವ ನೆಪ ಎಷ್ಟು ದಿನ ನಡೆದೀತು? ಆಮೇಲಾಮೇಲೆ ನೆಪವೂ ಬೇಕಾಗಲಿಲ್ಲ.

ವಿಧಾನಸಭೆ ಚುನಾವಣೆ ಹತ್ತಿರ ಬಂದಾಗ ನಾನೊಂದು ಪಟ್ಟಿ ಮಾಡಿದೆ. ಮತ ಹಾಕಲು ಊರಿಗೆ ಹೋಗುವವರಿಗೆ ಅನುಕೂಲವಾಗಲೆಂದು, ನಮ್ಮ ನಮ್ಮ ಶಾಸಕರು ಸದನದಲ್ಲಿ ಯಾವುದರ ಪರ ನಿಂತರು, ಯಾವುದರ ವಿರುದ್ಧ ನಿಂತರು ಎಂಬ ಪಟ್ಟಿ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿದುಹೋಗುತ್ತವೆ. ಯಾರು ಹೂಂ ಅಂದರು, ಯಾರು ಊಹೂಂ ಅಂದರು ಎಂಬ ದಾಖಲೆಯೇ ಇರುವುದಿಲ್ಲ. ತಲೆ ಎಣಿಸಿ ದಾಖಲಿಸಿದ ಕೆಲವನ್ನು ಇಟ್ಟುಕೊಂಡು ಎರಡು ಸಂಘಟನೆಗಳು ಶಾಸಕರಿಗೆ ಅಂಕ ಕೊಟ್ಟಿದ್ದವು. ಒಂದು ವಲಸೆ ಕಾರ್ಮಿಕರದ್ದು, ಇನ್ನೊಂದು ವ್ಯಾಪಾರಿಗಳದ್ದು. ಕಾಕಾ ಅವರ ಊರಿನ ಶಾಸಕರಿಗೆ ಮೊದಲನೆಯದು ನೂರಕ್ಕೆ ನಲವತ್ತು ಕೊಟ್ಟಿದ್ದರೆ ಎರಡನೆಯದು ಎಂಬತ್ತು ಕೊಟ್ಟಿತ್ತು. ನಾನು ಕೂಡಿಸಿ ಭಾಗಿಸಿ ಅರವತ್ತು ಎಂದು ಬರೆದು, ಬೀಗುತ್ತಾ ಅವರ ಮುಂದಿಟ್ಟೆ.

ಕಾಕಾ ಕನ್ನಡಕ ಏರಿಸಿ ನೋಡಿದರು.

"ಇಂಜಿನಿಯರ್ರೇ, ಒಬ್ಬನ ಸೊಂಟ ಮೂವತ್ತು, ಇನ್ನೊಬ್ಬನದ್ದು ನಲ್ವತ್ತು. ನಾನು ಮೂವತ್ತೈದರ ಪ್ಯಾಂಟ್ ಹೊಲಿದ್ರೆ ಅದು ಯಾರಿಗೆ ಆಗ್ತದೆ ಮಾರಾಯ್ರೇ?"

ವರ್ಷಗಟ್ಟಲೆ ಅಂಕಿಗಳ ಜೊತೆ ಏಗಿದವನು ನಾನು. ಮುಖ ಸಪ್ಪಗಾಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ. ಯಾವ ಸಂಘಟನೆ ಯಾವ ಮಸೂದೆಗಳನ್ನು ಆರಿಸಿಕೊಂಡಿದೆ, ಯಾವುದನ್ನು ಕೈಬಿಟ್ಟಿದೆ ಎಂಬುದನ್ನೆಲ್ಲ ಪಕ್ಕಪಕ್ಕದಲ್ಲಿ ಬರೆಸಿದರು. ಅಂಕ ಕೊಡುವವರಿಗೆ ಏನು ಬೇಕಾಗಿದೆ ಎಂದು ಮೊದಲು ತಿಳಿಯಬೇಕು, ಅಂಕ ನೋಡುವುದು ಆಮೇಲೆ ಎಂಬುದು ಅವರ ವಾದ. ಅವರು ಹೇಳಿದ್ದು ಸರಿ ಎನ್ನುವುದರಲ್ಲಿ ನನಗೆ ಇವತ್ತಿಗೂ ಎಳ್ಳಷ್ಟು ಅನುಮಾನವಿಲ್ಲ.

ಬರೆಯುತ್ತಾ ಹೋದಂತೆ ಒಂದು ಸಾಲಿಗೆ ಬಂದು ಇಬ್ಬರೂ ನಿಂತೆವು. ಕೆಲಸ ಕೊಡಿಸುತ್ತೇವೆಂದು ಜನರನ್ನು ವಿದೇಶಕ್ಕೆ ಸಾಗಿಸುವ ಏಜೆಂಟರಿಗೆ ಮೂಗುದಾರ ಹಾಕುವ ಮಸೂದೆ ಅದು. ಮತಕ್ಕೆ ಹಾಕಿದ ದಿನ ಆ ಶಾಸಕರು ಸದನದಲ್ಲೇ ಇರಲಿಲ್ಲ. ಕಾರ್ಮಿಕರ ಸಂಘಟನೆ ಗೈರುಹಾಜರಿಗೆ ಸೊನ್ನೆ ಕೊಟ್ಟಿತ್ತು. ವ್ಯಾಪಾರಿಗಳ ಸಂಘಟನೆ ಆ ಮಸೂದೆಯನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ.

ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾಕೆಂದು ನನಗೆ ಗೊತ್ತಿತ್ತು. ಅಂಥ ಒಬ್ಬ ಏಜೆಂಟನನ್ನು ನಂಬಿ ಬಂದ ಅವರ ತಮ್ಮ ಇಲ್ಲೇ ಕೆಲಸದ ಜಾಗದಲ್ಲಿ ಬಿದ್ದು ತೀರಿಹೋಗಿದ್ದ. ಕಾಗದಪತ್ರ ಸರಿಯಿಲ್ಲದೆ ಶವ ದಿನಗಟ್ಟಲೆ ಇಲ್ಲೇ ಉಳಿದಾಗ, ಹತ್ತಾರು ಕಡೆ ಫೋನ್ ಮಾಡಿ ಅದನ್ನು ತಾಯಿಯ ಬಳಿಗೆ ತಲುಪಿಸಿದವರು ಇದೇ ಶಾಸಕರು.

"ಕಾಕಾ, ಇದೊಂದ ಸಾಲು ಬಿಟ್ಟಬಿಡೂಣ್ರಿ. ಅವರು ನಿಮಗ ಎಷ್ಟ ಮಾಡ್ಯಾರ..." ಎಂದೆ.

"ನನ್ನ ತಮ್ಮನನ್ನು ಮನೆಗೆ ಮುಟ್ಟಿಸಿದ್ದು ಅವರೇ. ಸಾಯುವವರೆಗೆ ಅವರಿಗೆ ದುವಾ ಮಾಡ್ತೇನೆ. ಆದ್ರೆ ಇನ್ನೊಬ್ಬರ ತಮ್ಮ ಹಾಗೆ ಪೆಟ್ಟಿಗೆಯಲ್ಲಿ ಬರಬಾರ್ದು ಅಂತ ಎದ್ದು ನಿಲ್ಬೇಕಾದ ದಿವಸ ಅವರು ಇರ್ಲಿಲ್ಲ ಅಲ್ವಾ? ಸೊನ್ನೆ ಬರೆಯಿರಿ. ಖಲಾಸ್."

ಬರೆದೆ. ಬರೆಯುವಾಗ ಅವರ ಮುಖ ನೋಡಲು ಧೈರ್ಯವಾಗಲಿಲ್ಲ...

ಅವರು ಚುನಾವಣೆಗೆ ಊರಿಗೆ ಹೋದರು. ವಾಪಸ್ ಬಂದ ಮೇಲೆ ಯಾರಿಗೆ ಹಾಕಿದಿರಿ ಎಂದು ಕೇಳಬಾರದೆಂದು ಬಾಯಿ ಬಿಗಿಹಿಡಿದು ಕೂತಿದ್ದೆ. ಅವರೇ ಹೇಳಿದರು. ಬೇರೆಯವರಿಗೆ ಹಾಕಿ, ಮರುದಿನ ನೇರವಾಗಿ ಆ ಶಾಸಕರ ಮನೆಗೆ ಹೋಗಿದ್ದರಂತೆ. ನಿಮ್ಮ ಉಪಕಾರ ಮರೆತಿಲ್ಲ, ಆದರೆ ಈ ಸಲ ನಿಮಗೆ ಓಟು ಹಾಕಲಿಲ್ಲ ಎಂದು ಹೇಳಿ, ಪಟ್ಟಿ ಬಿಡಿಸಿ ಆ ಸೊನ್ನೆಯನ್ನು ತೋರಿಸಿದರಂತೆ. ಕಣ್ಣಿಗೆ ಕಣ್ಣು ಕೊಟ್ಟು ಇಂಥ ಮಾತಾಡುವ ಗಟ್ಟಿತನ ನನಗಿಲ್ಲ.

"ಅವರೇನಂದ್ರು ಕಾಕಾ?"

"ಪಟ್ಟಿಯನ್ನು ಒಮ್ಮೆ ಪೂರ್ತಿ ಓದಿದ್ರು. ಪಟ್ಟಿ ಇಲ್ಲೇ ಇಟ್ಟು ಹೋಗಿ ಅಂದ್ರು."

ಶಾಸಕರು ಗೆದ್ದರು. ಕಾಕಾ ಮರುವರ್ಷ ರಜೆಗೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೃದಯ ಕೈಕೊಟ್ಟಿತು ಎಂದು ಸುದ್ದಿ ಬಂತು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವರಿಲ್ಲದ ಶುಕ್ರವಾರ ನನಗೆ ಇನ್ನೂ ಒಗ್ಗಿಲ್ಲ, ಹಾಗೆ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಮತ್ತೆ ಚುನಾವಣೆ ಹತ್ತಿರ ಬಂದಿದೆ; ಈ ವಾರ ಹೊಸ ಪಟ್ಟಿ ಮಾಡಲು ಕೂತೆ. ಸರಾಸರಿ ತೆಗೆಯುವ ಚಟ ಬಿಟ್ಟಿದ್ದೇನೆ. ಎರಡೂ ಸಂಘಟನೆಗಳ ಅಂಕ ಪಕ್ಕಪಕ್ಕ, ಅವರವರು ಆರಿಸಿದ ಮಸೂದೆಗಳ ಸಮೇತ. ಆ ಶಾಸಕರ ಸಾಲಿಗೆ ಬಂದಾಗ ಎರಡು ಸಲ ನೋಡಿದೆ. ಮೂರನೆಯ ಸಲ ಸದನದ ದಾಖಲೆ ತೆಗೆದು ತಾಳೆ ನೋಡಿದೆ. ಅವರು ಹಾಕಿದ ಮತಗಳಲ್ಲಿ ನಾನು ಒಪ್ಪದವು ಬೇಕಾದಷ್ಟಿವೆ. ಗೈರುಹಾಜರಿ ಮಾತ್ರ ಒಂದೂ ಇಲ್ಲ.

ಅದಕ್ಕೆ ಕಾಕಾ ಕಾರಣವೆಂದು ನಾನು ಸಾಬೀತು ಮಾಡಲಾರೆ. ಆದರೆ ನನಗೆ ಗೊತ್ತು. ಇದನ್ನು ಯಾರಿಗೆ ಹೇಳಬೇಕಿತ್ತೋ ಅವರೊಬ್ಬರು ಇಲ್ಲ.