ಚಿಕ್ಕಪ್ಪ ಹಾಡಿದ ಲಾಲಿ

ಕೆಥೊಲಿಕ್ ಮಠವೊಂದರ ಅಧಿಪತಿಯೂ ಸಂಗೀತ ವಿದ್ವಾಂಸರೂ ಆಗಿದ್ದ ನನ್ನ ಚಿಕ್ಕಪ್ಪನ ಜೀವನಚರಿತ್ರೆ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವಳು ನಾನು, ದಾಖಲೆಯಿಲ್ಲದೆ ಒಂದು ಸಾಲೂ ಬರೆಯುವವಳಲ್ಲ. 'ಮಧುರ ಕಂಠ' ಎಂಬ ಅಧ್ಯಾಯಕ್ಕೆ ಮಾತ್ರ ದಾಖಲೆ ಸಿಕ್ಕಿರಲಿಲ್ಲ. ಅವರು ಹಾಡಿದ್ದನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ.

ಸೌದಿಯ ಖಮೀಸ್ ಮುಶೈತ್‌ನಲ್ಲಿ ನರ್ಸಾಗಿರುವ ಮಗಳ ಮನೆಗೆ ಹೋದಾಗ ಅಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಇಬ್ರಾಹಿಂ ಸಿಕ್ಕಿದರು. ಊರಲ್ಲಿ ಅವರ ಮನೆ ಮಠದ ಪಕ್ಕದಲ್ಲೇ. ಅವರ ತಾಯಿ, ಅವರು ಕರೆಯುವಂತೆ ಉಮ್ಮ, ಹಾಡುತ್ತಿದ್ದ ಬ್ಯಾರಿ ಭಾಷೆಯ ಲಾಲಿಹಾಡುಗಳನ್ನು ಚಿಕ್ಕಪ್ಪ ಟೇಪಿನಲ್ಲಿ ಹಿಡಿದಿದ್ದರಂತೆ. ಅದೀಗ ಇಬ್ರಾಹಿಮರ ಫೋನಿನಲ್ಲಿದೆ.

"ಇದರಲ್ಲಿ ನಿಮ್ಮ ಫಾದರೂ ಹಾಡಿದ್ದಾರೆ ಅಮ್ಮ, ಕೇಳಿ."

ಉಮ್ಮ ಇಂಪಾಗಿ ಒಂದು ಸಾಲು ಹಾಡಿದರು. ಹಿಂದೆಯೇ ತುಕ್ಕು ಹಿಡಿದ ರಾಟೆಯಂಥ ಗಂಡುದನಿಯೊಂದು ಶ್ರುತಿ ಬಿಟ್ಟು ಎದ್ದಿತು.

"ಹಾಗಲ್ಲ ಫಾದರೇ!" ಉಮ್ಮ ನಕ್ಕರು. ದನಿ ಮತ್ತೆ ಎದ್ದಿತು. ಮಗುವೊಂದು ಕಿರುಚಿ ಅತ್ತಿತು.

"ಅಳುವುದು ನಾನೇ," ಎಂದರು ಇಬ್ರಾಹಿಂ, ಹೆಮ್ಮೆಯಿಂದ.

ನನಗೆ ದಿಕ್ಕೇ ತೋಚಲಿಲ್ಲ. ಇದು ಚಿಕ್ಕಪ್ಪನೇ? ನಡುವೆ ಬಂದ ಕೆಮ್ಮು ಅವರದೇ. ಮಠದಲ್ಲಿ ಎಲ್ಲರೂ ಒಂದೇ ದನಿಯಾಗಿ ಹಾಡುತ್ತಾರೆ, ಒಬ್ಬರ ಕಂಠ ಬೇರೆಯಾಗಿ ಕೇಳಿಸುವುದಿಲ್ಲ. ಹಾಗಾದರೆ ನಾವು ಇಷ್ಟು ವರ್ಷ ಹೊಗಳಿದ್ದು ಯಾರ ಕಂಠವನ್ನು?

ಚಿಕ್ಕಪ್ಪ ಮೂರನೇ ಸಲ ಹಾಡಿದರು. ಮಗು ಸುಮ್ಮನಾಯಿತು. ನನಗೆ ಆಸೆ ಚಿಗುರಿತು.

"ಹಾಡು ಹಿಡಿಸಿತಲ್ಲವಾ ನಿಮಗೆ?"

"ಎಂತ ಹೇಳುವುದಮ್ಮ," ಎಂದರು ಇಬ್ರಾಹಿಂ. "ಎದ್ದು ಹೋಗುವಾ ಅಂದರೆ ನನಗೆ ಆಗ ನಡೆಯಲು ಬರ್ತಿರಲಿಲ್ಲ."